ಇಪ್ಪತ್ತೇಳನೆಯವನು

"ನಮ್ಮ ನೀರಲ್ಲಿ ಹುಳ ಇಲ್ಲ ಮೇಡಂ."

ನಾನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಊರಿಗೆಲ್ಲ ಕುಡಿಯುವ ನೀರು ಸೋಸಿ ಬಿಡುವ ಘಟಕದಲ್ಲಿ ನಾನು ಆಪರೇಟರ್. ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಒಬ್ಬಳು ಗೇಟಿನಲ್ಲಿ ನಿಂತು ಪತ್ರವೊಂದನ್ನು ಚಾಚಿದಳು. ಅದರಲ್ಲಿ ಇಲಾಖೆಯ ಸೀಲು ಕಂಡಿತು, ಕೆಳಗೆ 'ಕೀಟ' ಎಂಬ ಪದ ಕಂಡಿತು. ಉಳಿದದ್ದನ್ನು ಓದುವಷ್ಟು ಧೈರ್ಯ ನನಗಿರಲಿಲ್ಲ. ಯಾರೋ ಲೋಟದಲ್ಲಿ ಹುಳ ಕಂಡು ದೂರು ಕೊಟ್ಟಿದ್ದಾರೆ, ಇವಳು ತಪಾಸಣೆಗೆ ಬಂದಿದ್ದಾಳೆ, ನನ್ನ ಕೆಲಸ ಹೋಯಿತು.

"ಒಂದೂ ಇಲ್ವಾ?" ಎಂದಳು.

"ಒಂದೂ ಇಲ್ಲ. ಕ್ಲೋರಿನ್ ಸರಿಯಾಗೇ ಹಾಕಿದೀವಿ. ಬೇಕಾದ್ರೆ ಕುಡಿದು ತೋರಿಸ್ತೀನಿ."

ಕುಡಿದೂ ತೋರಿಸಿದೆ. ಪೂರ್ತಿ ಒಂದು ಲೋಟ. ನಾನು ಮುಗಿಸುವ ತನಕ ಅವಳು ತುಟಿ ಬಿಗಿಹಿಡಿದು ನೋಡುತ್ತಿದ್ದಳು. ನಗು ಕಣ್ಣಿನ ಮೂಲೆಯವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ ನೆಂಟನ ಹಾಗೆ ಕಾಯುತ್ತಿತ್ತು.

"ಹುಳ ಇದೆ ಅಂತ ದೂರೋಕೆ ಬಂದಿಲ್ಲ," ಎಂದಳು. "ಇರ್ಲಿ ಬಿಡಿ ಅಂತ ಕೇಳ್ಕೊಳ್ಳೋಕೆ ಬಂದಿದೀನಿ. ಹಿಂದಿನ ಹಳೇ ಹೊಂಡದ ಬೀಗದ ಕೈ ಯಾರ ಹತ್ರ ಇದೆ, ಕ್ಲೋರಿನ್ ಅವರೇ?"

ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆವತ್ತಿನಿಂದ ಅವಳ ಬಾಯಲ್ಲಿ ನನಗೆ ಅದೇ ಹೆಸರು.

ಹಳೇ ಹೊಂಡ ಎಂದರೆ ಹಿಂದೆ ಕೆಸರು ತಳಕ್ಕಿಳಿಯಲೆಂದು ನೀರು ನಿಲ್ಲಿಸುತ್ತಿದ್ದ ಜಾಗ. ಹೊಸ ಟ್ಯಾಂಕ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಸುತ್ತ ಜೊಂಡು ಬೆಳೆದು ನಿಂತಿತ್ತು. ಅಲ್ಲಿ ಸೂಜಿಯಷ್ಟು ತೆಳ್ಳಗಿನ ಒಂದು ಜಾತಿಯ ಏರೋಪ್ಲೇನ್ ಚಿಟ್ಟೆ ಇತ್ತು. ಬಾಲದ ತುದಿಯಲ್ಲಿ ಬೆಂಕಿಕಡ್ಡಿ ಗೀರಿದಂಥ ಕಿತ್ತಳೆ ಬಣ್ಣ. ಆರು ವರ್ಷ ಅದರ ಪಕ್ಕದಲ್ಲೇ ಊಟ ಮಾಡಿದ ನಾನು ಒಮ್ಮೆಯೂ ನೋಡಿರಲಿಲ್ಲ. ಮೊದಲು ಐದು ಕಡೆ ಇದ್ದದ್ದು ನಾಲ್ಕು ಕಡೆ ಮುಗಿದಿದೆ ಎಂದು ಅವಳೇ ಹೇಳಿದ್ದು. ಇಲಾಖೆ ಈ ಐದನೆಯದನ್ನೂ ಮುಚ್ಚಿ ಮತ್ತೊಂದು ಟ್ಯಾಂಕ್ ಕಟ್ಟಲು ಹೊರಟಿತ್ತು. ಅದನ್ನು ತಡೆಯಬೇಕಾದರೆ ಈ ಹಂಗಾಮಿನಲ್ಲಿ ಕನಿಷ್ಠ ಅರವತ್ತು ದಿನ ಎಣಿಸಿ ಲೆಕ್ಕ ಕೊಡಿ ಎಂದು ಸಮಿತಿ ಕೇಳಿತ್ತು.

"ಇದಕ್ಕೆ ಎಷ್ಟು ವರ್ಷ ಓದಿದ್ರಿ?" ಎಂದು ಕೇಳಿದೆ.

"ಹನ್ನೊಂದು."

"ಅಷ್ಟರಲ್ಲಿ ಡಾಕ್ಟರೇ ಆಗಬಹುದಿತ್ತಲ್ಲ."

"ಆಗಿದೀನಲ್ಲ. ಪೇಷಂಟುಗಳು ಸ್ವಲ್ಪ ಚಿಕ್ಕವು, ಅಷ್ಟೇ."

ಅವಳಿಗೆ ಸಹಾಯಕರಿರಲಿಲ್ಲ. ನನಗೆ ಪಾಳಿ ಮುಗಿದ ಮೇಲೆ ಮನೆಯಲ್ಲಿ ಕಾಯುವವಳು ಅಕ್ಕ ಒಬ್ಬಳೇ, ಅವಳೂ ಹೊಲಿಗೆ ಮಷೀನಿನ ಮುಂದೆ ಕೂತರೆ ನನ್ನ ನೆನಪಿರದವಳು. ಹೀಗೆ ರಾತ್ರಿ ಪಾಳಿ ಹಾಕಿಸಿಕೊಂಡು ನಾನು ಹೊಂಡದ ದಂಡೆಗೆ ಬಿದ್ದೆ.

ಮೂರು ವಾರ ಪಾಠ ನಡೆಯಿತು. ಬಿಸಿಲಿದ್ದಾಗ, ಹತ್ತರಿಂದ ಎರಡರ ಒಳಗೆ, ಒಂದೇ ಹೆಜ್ಜೆಯ ವೇಗದಲ್ಲಿ ದಂಡೆ ಸುತ್ತಬೇಕು. ನಿಲ್ಲಬಾರದು, ಹಿಂದಕ್ಕೆ ತಿರುಗಿ ನೋಡಬಾರದು. ಮುಂದೆ ಕಂಡದ್ದನ್ನಷ್ಟೇ ಶೀಟಿನಲ್ಲಿ ಬರೆಯಬೇಕು. ಕೆಲವನ್ನು ಬಲೆಯಲ್ಲಿ ಹಿಡಿದು ರೆಕ್ಕೆಯ ಮೇಲೆ ಸಂಖ್ಯೆ ಹಾಕಿ ಬಿಡಬೇಕು. ಆಮೇಲೆ ಯಾವ ಸಂಖ್ಯೆ ಮತ್ತೆ ಕಂಡಿತು ಎನ್ನುವುದರಿಂದ ಒಟ್ಟು ಎಷ್ಟಿವೆ ಎಂಬ ಲೆಕ್ಕ.

"ಬರಿ," ಎಂದು ಒಂದು ದಿನ ತುದಿ ಸಣ್ಣಗಿದ್ದ ಪೆನ್ನು ನನ್ನ ಕೈಗೆ ಕೊಟ್ಟಳು. ಆ ಹೊತ್ತಿಗೆ ನಾವು 'ನೀವು' ದಾಟಿ 'ನೀನು'ಗೆ ಬಂದಿದ್ದೆವು.

ಅವಳು ನಾಲ್ಕು ರೆಕ್ಕೆಗಳನ್ನೂ ಎರಡು ಬೆರಳಿನಲ್ಲಿ ಮಡಚಿ ಹಿಡಿದಿದ್ದಳು. ನಾನು ಅವಳ ಮಣಿಕಟ್ಟಿನ ಮೇಲೆ ಕೈ ಊರಿ ಬರೆಯಬೇಕಿತ್ತು, ಬೇರೆ ದಾರಿಯಿರಲಿಲ್ಲ. ಎರಡು ಸರಿಯಾಗಿ ಬಂತು. ಏಳು ಬರೆಯುವಾಗ ಅವಳ ಉಸಿರು ನನ್ನ ಬೆರಳಿಗೆ ತಾಗಿತು. ಏಳಿನ ಬಾಲ ಸೊಟ್ಟಗಾಗಿ ರೆಕ್ಕೆಯ ಅಂಚಿಗೆ ಓಡಿತು.

"ಇದ್ಯಾವ ಏಳು?"

"ಕೈ ನಡುಗ್ತು."

"ಯಾಕೆ, ಕಚ್ಚುತ್ತೆ ಅಂತ ಹೆದರಿಕೆನಾ?"

"ಯಾವುದು?"

ಅವಳು ತಲೆ ಎತ್ತಿದಳು. ಇಷ್ಟು ಹತ್ತಿರದಲ್ಲಿ ಕಣ್ಣು ಒಂದನ್ನೇ ನೋಡಲಾಗುತ್ತದೆ, ಎರಡನ್ನಲ್ಲ. ನಾನು ಎಡಗಣ್ಣು ನೋಡಿದೆ. ಅದು ಮೊದಲು ನಕ್ಕಿತು, ಆಮೇಲೆ ಗಂಭೀರವಾಯಿತು, ಆಮೇಲೆ ನನ್ನನ್ನು ಬಿಟ್ಟು ಕೆಳಗೆ ನೋಡಿತು. ಬೆರಳು ಸಡಿಲಾಗಿ ಇಪ್ಪತ್ತೇಳನೆಯವನು ಹಾರಿಹೋದ.

ದೂರವೇನೂ ಹೋಗಲಿಲ್ಲ. ನೀರಿನಲ್ಲಿ ನೆಟ್ಟಿದ್ದ ಮೂರನೇ ಗೂಟದ ಮೇಲೆ ಕೂತ. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ. ಬೇರೆ ಗಂಡು ಬಂದರೆ ಎದ್ದು ಅಟ್ಟಿಸಿಕೊಂಡು ಹೋಗಿ ಮತ್ತೆ ಅದೇ ಜಾಗಕ್ಕೆ.

"ನಿನ್ನ ಮಗ ಡ್ಯೂಟಿಗೆ ಬಂದಿದಾನೆ ನೋಡು," ಎನ್ನುತ್ತಿದ್ದಳು.

"ನಮ್ಮಿಬ್ಬರ ಮಗ ಅನ್ನು."

"ಏಳು ಸೊಟ್ಟ ಇದೆ. ನಿನ್ನ ಕಡೆಯವನೇ."

ಅವಳ ಮೊದಲ ಕೆಲಸದ ಕಥೆ ಕೇಳಿದ್ದೂ ಆ ದಂಡೆಯ ಮೇಲೆಯೇ. ಒಂದು ಗುಡ್ಡದ ಮಿಡತೆ. ಕೊನೆಯ ವರ್ಷ ಎಪ್ಪತ್ತು ದಿನ ಹುಡುಕಿ ಎಪ್ಪತ್ತು ಸೊನ್ನೆ ಬರೆದಳಂತೆ. ಮೇಲಿನವರು, 'ಒಂದೆರಡು ಕಂಡಿತು ಅಂತ ಬರಿ, ಯೋಜನೆಯಾದ್ರೂ ಉಳಿಯುತ್ತೆ' ಎಂದರಂತೆ. ಇವಳು ಬರೆಯಲಿಲ್ಲ. ಯೋಜನೆ ನಿಂತಿತು, ಕೆಲಸವೂ ಹೋಯಿತು. ಆಮೇಲೆ ಒಂದು ಜೀರುಂಡೆ, ಎರಡು ಪತಂಗ, ಎಲ್ಲವೂ ವರ್ಷ ಎರಡು ವರ್ಷದ ಗುತ್ತಿಗೆ. ಹೋದಲ್ಲೆಲ್ಲ ಬಾಡಿಗೆ ಕೋಣೆ, ಒಂದು ಸ್ಟೌ, ಒಂದು ಮೈಕ್ರೋಸ್ಕೋಪು. ಉಳಿಸಿಕೊಂಡೆ ಎಂದು ಹೇಳಿಕೊಳ್ಳಲು ಒಂದೂ ಇರಲಿಲ್ಲ. ಇದು ಉಳಿದರೆ ಮೊದಲನೆಯದು.

"ಆ ಸೊನ್ನೆ ಬರೆದಿದ್ದಕ್ಕೆ ಬೇಜಾರಿಲ್ವಾ?"

"ಮಿಡತೆ ಹೋಗಿದ್ದಕ್ಕೆ ಬೇಜಾರಿದೆ. ಸೊನ್ನೆಗಲ್ಲ."

ನಾನು ತಲೆಯಾಡಿಸಿದೆ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಆಗ ಅವಳ ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ಜೊಂಡಿನ ಹತ್ತಿಯನ್ನು ತೆಗೆಯಲೋ ಬೇಡವೋ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ತೆಗೆದೆ. ಅವಳು ತಡೆಯಲಿಲ್ಲ.

ಲೆಕ್ಕ ಮುಗಿದ ಮೇಲೆ ಮದುವೆ ಎಂದು ನಾವೇ ತೀರ್ಮಾನಿಸಿಕೊಂಡೆವು. ಅಕ್ಕ ಅವಳನ್ನು ನಿಲ್ಲಿಸಿ ಟೇಪು ಹಿಡಿದು ಭುಜ, ತೋಳು, ಸೊಂಟ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು.

"ಇವನನ್ನ ಯಾಕೆ ಹಿಡಿದ್ಯಮ್ಮಾ? ಬಲೆಗೆ ಬೇರೆ ಏನೂ ಬೀಳ್ಲಿಲ್ವಾ?" ಎಂದಳು ಅಕ್ಕ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಬೇರೆಯವೆಲ್ಲ ಹಾರಿಹೋದ್ವು ಅಕ್ಕಾ. ಇದೊಂದೇ ತಾನಾಗಿ ಬಂದು ಕೂತಿದ್ದು."

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ನಮ್ಮ ಘಟಕದಲ್ಲಿ ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಒಂದು ಗಂಟೆ ತಪ್ಪಿದರೆ ಹಿಂದಿನದು, ಮುಂದಿನದು ನೋಡಿ ನಡುವಿನದನ್ನು ತುಂಬುತ್ತೇವೆ. ಎಲ್ಲರೂ ಮಾಡುತ್ತಾರೆ. ವಾಲ್ವಣ್ಣ ಎಂದೇ ಹೆಸರಾದ ಹಿರಿಯ ಆಪರೇಟರ್ ಮೊದಲ ದಿನವೇ ಕಲಿಸಿದ್ದ: "ಖಾಲಿ ಮನೆಗೆ ದೆವ್ವ ಸೇರ್ಕೊಳ್ಳುತ್ತೆ ಕಣೋ, ಖಾಲಿ ಕಾಲಮ್ಮಿಗೆ ಸಾಹೇಬ್ರು ಸೇರ್ಕೋತಾರೆ. ಎರಡನ್ನೂ ಖಾಲಿ ಬಿಡಬಾರದು." ನೀರು ಹರಿಯುತ್ತಲೇ ಇರುತ್ತದೆ, ಆದ್ದರಿಂದ ಆ ಸಂಖ್ಯೆ ಹೆಚ್ಚುಕಡಿಮೆ ನಿಜವೂ ಆಗಿರುತ್ತದೆ.

ಪಾಠ ಮುಗಿದ ಮೇಲೆ ಕೆಲವು ದಿನ ಅವಳು, ಕೆಲವು ದಿನ ನಾನೊಬ್ಬನೇ ಎಣಿಸುತ್ತಿದ್ದೆವು. ಹಂಗಾಮಿನ ಕೊನೆಯ ಭಾಗದಲ್ಲಿ ಅವಳ ಅಮ್ಮನಿಗೆ ಮಂಡಿಯ ಆಪರೇಷನ್ ಆಯಿತು. ಅವಳು ಹತ್ತು ದಿನಕ್ಕೆ ಹೊರಟಳು. ಹೊರಡುವ ದಿನ ಬೆಳಿಗ್ಗೆ ಒಬ್ಬಳೇ ಹೊಂಡಕ್ಕೆ ಹೋಗಿ ಬಂದು ಶೀಟುಗಳನ್ನು ನನ್ನ ಕೈಗಿಟ್ಟಳು. "ಸಂಜೆ ಫೋನಲ್ಲಿ ಒಟ್ಟು ಎಷ್ಟು ಅಂತಷ್ಟೇ ಹೇಳು ಸಾಕು. ಉಳಿದಿದ್ದು ಬಂದು ನೋಡ್ತೀನಿ."

ಮೊದಲ ಮೂರು ದಿನ ಹದಿನಾಲ್ಕು, ಹನ್ನೆರಡು, ಹದಿನೈದು. ಇಪ್ಪತ್ತೇಳನೆಯವನು ಕಾಣಲಿಲ್ಲ. ಜೊಂಡಿನ ಹಿಂದೆಲ್ಲೋ ಇದ್ದಾನೆ ಎಂದುಕೊಂಡೆ.

ನಾಲ್ಕನೇ ದಿನ ಮೋಡ ಕವಿದು ಗಾಳಿ ಎದ್ದಿತು. ಒಂದೂ ಕಾಣಲಿಲ್ಲ.

"ಸೊನ್ನೆ," ಎಂದೆ ಫೋನಿನಲ್ಲಿ.

ಆ ಕಡೆ ಆಸ್ಪತ್ರೆಯ ತಳ್ಳುಗಾಡಿಯ ಚಕ್ರದ ಸದ್ದು. ಅಮ್ಮ ನರಳುವ ಸದ್ದು.

"ಮೋಡ ಇತ್ತಾ?"

"ಇತ್ತು."

"ಸರಿ." ಆಮೇಲೆ ಮತ್ತೆ, "ಸರಿ ಬಿಡು," ಎಂದಳು.

ಆ ಎರಡನೇ 'ಸರಿ' ನನ್ನನ್ನು ಇಡೀ ರಾತ್ರಿ ಕೊರೆಯಿತು. ಐದನೇ ದಿನ ಪೈಪೊಡೆದು ವಾಲ್ವಣ್ಣನ ಜೊತೆ ನಾನೂ ಎರಡು ಪಾಳಿ ಗುಂಡಿಯಲ್ಲಿ ನಿಂತೆ. ಹೊಂಡದ ಕಡೆ ತಲೆಹಾಕಲು ಆಗಲಿಲ್ಲ. ಸಂಜೆ ಶೀಟು ಖಾಲಿಯಿತ್ತು. ಹಿಂದಿನ ದಿನಗಳನ್ನು ನೋಡಿ ಹದಿಮೂರು ಎಂದು ಬರೆದೆ. ಕೈ ತಾನಾಗಿ ಬರೆಯಿತು, ನಿಜ ಹೇಳಬೇಕೆಂದರೆ ಅಳುಕೂ ಆಗಲಿಲ್ಲ. ಸಂಖ್ಯೆ ಹಾಕಿದವುಗಳ ಕಾಲಮ್ಮಿನಲ್ಲಿ ಏನಾದರೂ ಬೇಕಲ್ಲ, ಇಪ್ಪತ್ತೇಳು ಎಂದು ಬರೆದೆ. ಅವನು ಎಲ್ಲಿಗೆ ಹೋಗುತ್ತಾನೆ?

"ಹದಿಮೂರಾ!" ಎಂದಳು ಅವಳು. ಎಷ್ಟೋ ದಿನದ ಮೇಲೆ ನಕ್ಕಳು. "ನೀನಿದೀಯಲ್ಲ ಅಂತ ಒಂದು ಧೈರ್ಯ ಕಣೋ ಕ್ಲೋರಿನ್."

ಅದು ರುಚಿ ಹತ್ತಿಸಿತು. ಆಮೇಲೆ ಮೋಡದ ದಿನಗಳಲ್ಲಿ ನಾನು ದಂಡೆಗೆ ಹೋಗಿಯೂ, ಏನೂ ಕಾಣದೆಯೂ, ಹನ್ನೊಂದು, ಹದಿನಾಲ್ಕು ಎಂದು ಬರೆದೆ. ಒಟ್ಟು ಐದು ದಿನ. ಐದು ದಿನವೂ ಇಪ್ಪತ್ತೇಳನೆಯವನನ್ನು ಮೂರನೇ ಗೂಟದ ಮೇಲೆ ಕೂರಿಸಿದೆ.

ಅವಳು ಬಂದ ದಿನ ಪಂಪ್‌ಹೌಸಿನ ಬೆಂಚಿನ ಮೇಲೆ ಟೀ ಇಟ್ಟುಕೊಂಡು ಶೀಟು ತಿರುಗಿಸತೊಡಗಿದಳು. ಬೆರಳು ಸಾಲಿನ ಮೇಲೆ ಓಡುತ್ತಿತ್ತು. ಐದನೇ ದಿನದ ಶೀಟಿನಲ್ಲಿ ನಿಂತಿತು. ಮುಂದಿನದನ್ನು ತಿರುಗಿಸಿದಳು, ಮತ್ತೆ ನಿಂತಿತು.

"ಇಪ್ಪತ್ತೇಳನ್ನ ನೀನೇ ನೋಡಿದ್ಯಾ?"

"ಹೂಂ."

"ಕಣ್ಣಾರೆ?"

"ಮೂರನೇ ಗೂಟದ ಮೇಲೆ. ಅವನಿಗೆ ಬೇರೆ ಏನು ಕೆಲಸ?" ನಗುವೂ ಬಂತು ನನಗೆ.

ಅವಳು ನನ್ನನ್ನು ನೋಡಿದಳು. ಆ ನೋಟವನ್ನು ಚಂದಗಾಣಿಸಿ ಹೇಳಲು ನನಗೆ ಬರುವುದಿಲ್ಲ. ಇವನು ಈಗಲೂ ಹೇಳಬಹುದು, ಈಗಲಾದರೂ ಹೇಳಲಿ ಎಂದು ಕಾಯುವ ನೋಟ. ನಾನು ಟೀ ಕುಡಿದೆ.

ಅವಳು ನೋಟ್‌ಬುಕ್ಕಿನ ನಡುವಿನಿಂದ ಒಂದು ಸಣ್ಣ ಕಾಗದದ ಲಕೋಟೆ ತೆಗೆದು ಬೆಂಚಿನ ಮೇಲೆ ಬಿಡಿಸಿದಳು. ಒಳಗೆ ಒಣಗಿದ ಸೂಜಿಯಂಥ ಮೈ, ಬಣ್ಣ ಇಳಿದ ಬಾಲ, ರೆಕ್ಕೆಯ ಮೇಲೆ ಎರಡು, ಪಕ್ಕದಲ್ಲಿ ಸೊಟ್ಟ ಏಳು. ಲಕೋಟೆಯ ಮೇಲೆ ಅವಳು ಊರಿಗೆ ಹೊರಟ ದಿನದ ತಾರೀಖು.

"ಆವತ್ತು ಬೆಳಿಗ್ಗೆ ಜೇಡರ ಬಲೆಯಲ್ಲಿ ಸಿಕ್ಕಿದ್ದ," ಎಂದಳು. "ನಿನಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ. ಫೋನಲ್ಲಿ ಬೇಡ, ಬಂದ ಮೇಲೆ ಹೇಳೋಣ ಅಂತಿದ್ದೆ."

ವಾಲ್ವಣ್ಣ ಒಳಗೆ ಬಂದವನು ನಮ್ಮಿಬ್ಬರ ಮುಖ ನೋಡಿ, ಕೆಮ್ಮಿ, ಹಾಗೇ ಹೊರಗೆ ಹೋದ.

ನಾನು ಎಲ್ಲವನ್ನೂ ಹೇಳಿದೆ. ಮೋಡ, ಪೈಪು, ಅವಳ ಎರಡನೇ 'ಸರಿ'. ಅವಳು ತಡೆಯದೆ ಕೇಳಿದಳು.

"ಆ ಐದು ದಿನ ತೆಗೆದುಹಾಕು," ಎಂದೆ. "ನಿನ್ನದು ನಲವತ್ತೊಂದು ದಿನ ಇದೆ, ನಂದು ಮೂವತ್ತೊಂದು ಉಳಿಯುತ್ತೆ. ಎಪ್ಪತ್ತೆರಡಾಯ್ತು. ಅವರು ಕೇಳಿದ್ದು ಅರವತ್ತು. ಹೊಂಡ ಉಳಿಯುತ್ತೆ."

"ಆ ಮೂವತ್ತೊಂದು ನಿಜ ಅಂತ ಯಾರು ಹೇಳಿದ್ದು?"

"ನಾನು."

"ಹೂಂ," ಎಂದಳು. "ನೀನೇ."

ಟೀ ತಣ್ಣಗಾಗಿತ್ತು. ಅವಳು ನನ್ನ ಶೀಟುಗಳನ್ನೆಲ್ಲ ಒಂದು ಕಡೆ, ತನ್ನವನ್ನು ಒಂದು ಕಡೆ ಜೋಡಿಸಿದಳು. ನನ್ನ ಕಂತೆಗೆ ದಾರ ಕಟ್ಟುವಾಗ ಗಂಟು ಮೂರು ಸಲ ಜಾರಿತು.

"ಯಾರಿಗೂ ಗೊತ್ತಾಗಲ್ಲ," ಎಂದೆ ಕೊನೆಗೆ. ಹೇಳಬಾರದಿದ್ದ ಮಾತು. "ಆ ಹುಳಕ್ಕೋಸ್ಕರ ಆದ್ರೂ..."

"ಹುಳದ ಮೇಲೆ ಹಾಕಬೇಡ," ಎಂದಳು. ಆವತ್ತು ಅವಳು ದನಿ ಎತ್ತಿದ್ದು ಅದೊಂದೇ ಸಲ. "ಇವತ್ತು ಇದೆ ಅಂತ ನಾನು ಸುಳ್ಳು ಬರೆದ್ರೆ, ನಾಳೆ ಇನ್ನೊಂದು ಹೊಂಡದಲ್ಲಿ ನಿಜವಾಗಿ ಇದೆ ಅಂದಾಗ ಯಾರು ನಂಬ್ತಾರೆ? ನನ್ನ ಹತ್ರ ಇನ್ನೇನಿದೆ ಹೇಳು? ಅಧಿಕಾರ ಇಲ್ಲ, ಪೊಲೀಸ್ ಇಲ್ಲ. ನಾನು ಎಣಿಸಿದ್ರೆ ಅದು ಸರಿಯಾಗಿರುತ್ತೆ ಅನ್ನೋದೊಂದು ಮಾತು ಬಿಟ್ರೆ."

ಮರುವಾರ ಸಮಿತಿಯ ಸಭೆ. ನಾನು ಫೈಲು ಹೊರುವ ನೆಪದಲ್ಲಿ ಬಾಗಿಲ ಬಳಿ ನಿಂತಿದ್ದೆ. ಎಂಜಿನಿಯರ್ ಸಾಹೇಬರು ಕನ್ನಡಕ ಹಣೆಗೇರಿಸಿ, "ಹೋದ ತಿಂಗಳು ಲೆಕ್ಕ ಸಾಕಷ್ಟಿದೆ ಅಂದ್ರಿ. ಈಗ ಬರೀ ನಲವತ್ತೊಂದು ದಿನ ಅಂತೀರಲ್ಲ?" ಎಂದರು.

"ಒಂದಷ್ಟು ದಾಖಲೆ ತಪ್ಪಾಗಿತ್ತು ಸರ್. ತೆಗೆದುಹಾಕಿದೀನಿ."

"ಯಾರು ಮಾಡಿದ ತಪ್ಪು?"

ಅವಳು ನನ್ನ ಕಡೆ ನೋಡಲಿಲ್ಲ. "ಯೋಜನೆ ನನ್ನದು. ತಪ್ಪೂ ನನ್ನದೇ."

ನಾನು ಒಳಗೆ ಹೋಗಿ 'ನಾನು' ಎನ್ನಬಹುದಿತ್ತು. ಫೈಲು ಎದೆಗವಚಿಕೊಂಡು ನಿಂತೇ ಇದ್ದೆ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತೇ ಹೊರತು ಹೊಂಡವೇನೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಹೊಂಡ ಮುಚ್ಚಲು ಒಪ್ಪಿಗೆಯಾಯಿತು. ಅವಳು ಕೇಳಿಕೊಂಡದ್ದಕ್ಕೆ, ನೀರಿನಲ್ಲೇ ಬೆಳೆಯುವ ಆ ಚಿಟ್ಟೆಯ ಮರಿಗಳನ್ನು ಬೇರೆ ಕಡೆ ಸಾಗಿಸಲು ಹತ್ತು ದಿನ ಕೊಟ್ಟರು. ಎರಡು ಗಂಟೆ ದೂರದ ಹಳೆಯ ಕಲ್ಲುಕ್ವಾರಿಯೊಂದರಲ್ಲಿ ನೀರಿತ್ತು.

ಅಕ್ಕನಿಗೆ ವಿಷಯ ತಿಳಿಸಿದಾಗ ಅವಳು ಮಷೀನು ನಿಲ್ಲಿಸಿ ಕೇಳಿದಳು. "ಹೆಣ್ಣಿನ ಹತ್ರ ಸುಳ್ಳು ಹೇಳಿ ಬದುಕಿದ ಗಂಡಸರು ಬೇಕಾದಷ್ಟು ಇದಾರೆ," ಎಂದಳು. "ನೀನು ಅವಳ ಅನ್ನದ ತಟ್ಟೆಗೇ ಸುಳ್ಳು ಬಡಿಸಿದ್ಯಲ್ಲೋ." ಆಮೇಲೆ ಅಳತೆಯ ಪುಸ್ತಕ ಮುಚ್ಚಿ ಕಪಾಟಿನೊಳಗಿಟ್ಟಳು.

ಮರಿ ಸಾಗಿಸಲು ಅವಳು ನನ್ನನ್ನು ಕರೆಯಲಿಲ್ಲ. ನಾನೇ ರಜೆ ಹಾಕಿ ಹೊಂಡಕ್ಕೆ ಹೋದೆ. ಅವಳು ಒಂದು ಕ್ಷಣ ನೋಡಿ, ಉದ್ದ ಹಿಡಿಯ ಬಲೆಯೊಂದನ್ನು ನನ್ನ ಕಡೆ ಚಾಚಿದಳು. ಸೊಂಟದುದ್ದ ಕೆಸರಿನಲ್ಲಿ ನಿಂತು ಬೇರಿನ ಬುಡ ಕೆದಕಿ, ಬಿಳಿ ಟ್ರೇಗೆ ಸುರಿದು, ಬಾಲಕ್ಕೆ ಮೂರು ಎಳೆ ಇರುವ ಮರಿಗಳನ್ನು ಚಮಚದಿಂದ ಆರಿಸುವ ಕೆಲಸ. ಹತ್ತು ದಿನವೂ ಮಾಡಿದೆವು. ನೀರು ಕೊಡು, ಬಕೆಟ್ ಹಿಡಿ, ಜಾರುತ್ತೆ ನೋಡು. ಅಷ್ಟೇ ಮಾತು. ಕ್ಲೋರಿನ್ ಎಂದು ಅವಳು ಮತ್ತೆ ಕರೆಯಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಜೆಸಿಬಿ ಗೇಟಿನ ಹೊರಗೆ ಬಂದು ನಿಂತಿತ್ತು. ಅದರ ಚಾಲಕ ನೆರಳಿನಲ್ಲಿ ಊಟ ಮಾಡುತ್ತಿದ್ದ.

"ಅಲ್ಲಿ ಬದುಕ್ತವಾ ಇವು?" ಎಂದೆ.

"ಗೊತ್ತಿಲ್ಲ. ಹೋಗಿ ಎಣಿಸ್ಬೇಕು. ಮುಂದಿನ ವರ್ಷ, ಅದರ ಮುಂದಿನ ವರ್ಷ." ಕ್ವಾರಿಯ ಹತ್ತಿರವೇ ಒಂದು ಕೋಣೆ ನೋಡಿಕೊಂಡಿದ್ದಳು.

"ನಾನೂ ಬರ್ಲಾ?"

ಅವಳು ಬಲೆಯ ಕೆಸರು ತೊಳೆದಳು.

"ಇನ್ನೂ ಕೋಪ ಇದೆಯಾ?"

"ಕೋಪ ಆಗಿದ್ರೆ ಸುಲಭ ಇತ್ತು. ಇಳಿದುಹೋಗುತ್ತೆ." ತೊಳೆದ ಬಲೆಯನ್ನೇ ಮತ್ತೆ ತೊಳೆದಳು. "ನೀನು ಹಾಲು ಇದೆ ಅಂತೀಯ ಅಂದ್ಕೋ. ನಾನು ಹೂಂ ಅಂತೀನಿ. ಆಮೇಲೆ ನೀನು ಆಚೆ ಹೋದಾಗ ಮುಚ್ಚಳ ತೆಗೆದು ನೋಡ್ತೀನಿ. ದಿನಾ ನೋಡ್ತೀನಿ. ನಂಗೆ ಗೊತ್ತು ನನ್ನ ಬುದ್ಧಿ. ಹಂಗೆ ಒಂದು ಮನೆ ನಡೆಯಲ್ಲ ಕಣೋ."

"ನನ್ನ ಮೇಲೆ ಪ್ರೀತಿ ಇಲ್ವಾ ಹಾಗಾದ್ರೆ?"

"ಇದೆ," ಎಂದಳು ಥಟ್ಟನೆ, ಯಾರೋ ತಾರೀಖು ಕೇಳಿದ ಹಾಗೆ. "ಅದು ಎಲ್ಲಿ ಹೋಗುತ್ತೆ? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ." ಕಣ್ಣು ಒರೆಸಿಕೊಳ್ಳಲು ಎರಡೂ ಕೈಯಲ್ಲಿ ಕೆಸರಿತ್ತು. ತೋಳಿನಿಂದ ಒರೆಸಿಕೊಂಡಳು. ಕೆನ್ನೆಗೂ ಕೆಸರಾಯಿತು. ನಾನು ಕೈ ಎತ್ತಿ, ಅರ್ಧದಲ್ಲೇ ಇಳಿಸಿದೆ.

ಎರಡು ಟ್ರೇ ಉಳಿದಿದ್ದವು. ಒಂದನ್ನು ನಾನು ಆರಿಸಿದೆ. ಜೀವಮಾನದಲ್ಲಿ ಏನನ್ನೂ ಅಷ್ಟು ಎಚ್ಚರದಿಂದ ಎಣಿಸಿರಲಿಲ್ಲ. ಎಲೆಯ ಅಡಿ ಎತ್ತಿ ನೋಡಿದೆ, ಕೆಸರು ತಿಳಿಯಾಗುವ ತನಕ ಕಾದು ಮತ್ತೆ ನೋಡಿದೆ.

"ಹನ್ನೊಂದು," ಎಂದೆ.

ಅವಳು ಪೆನ್ನು ಎತ್ತಿಕೊಂಡಳು. ಬರೆಯಲಿಲ್ಲ. ಟ್ರೇಯನ್ನು ನಿಧಾನವಾಗಿ, ನನಗೆ ನೋವಾಗದಿರಲಿ ಎನ್ನುವ ಹಾಗೆ, ತನ್ನ ಕಡೆ ಎಳೆದುಕೊಂಡಳು. ಚಮಚದ ತುದಿಯಿಂದ ಒಂದೊಂದನ್ನೇ ಈ ಬದಿಯಿಂದ ಆ ಬದಿಗೆ ಸರಿಸಿದಳು. ತುಟಿ ಅಲ್ಲಾಡುತ್ತಿತ್ತು.

"ಹನ್ನೊಂದು," ಎಂದಳು. ಬರೆದುಕೊಂಡಳು.

ನಾನು ಕೊನೆಯ ಟ್ರೇ ಎಣಿಸಿ ಮುಂದೆ ಸರಿಸಿದೆ. "ಒಂಬತ್ತು," ಎಂದೆ, ಅವಳು ಕೇಳದಿದ್ದರೂ.

ಅವಳು ಬಗ್ಗಿ ಒಂದರಿಂದ ಶುರು ಮಾಡಿದಳು.